ತಿಗಣೆ ಕುಳಿತ ಮರ, ತಿಗಣೆ ಬದುಕುವ ಮರ

ಮಂಗಳೂರಿನ ಪ್ರಯೋಗಾಲಯವೊಂದರಲ್ಲಿ ನಾನು ಮಾಡುವ ಕೆಲಸ ಕೀಟಗಳ ವರ್ಗೀಕರಣ. ಅದರಲ್ಲೂ ಮಿರಿಡೇ ಕುಟುಂಬಕ್ಕೆ ಸೇರಿದ ಸಸ್ಯ ತಿಗಣೆಗಳದ್ದು. ಜಗತ್ತಿನಲ್ಲಿ ಈವರೆಗೆ ಹೆಸರು ಪಡೆದಿರುವ ಮಿರಿಡ್ ಪ್ರಭೇದಗಳು 11,000ಕ್ಕೂ ಹೆಚ್ಚು. ಕರಾವಳಿಯ ಕೃಷಿಕರಿಗೆ ಈ ಕುಟುಂಬದ ಪರಿಚಯ ಚೆನ್ನಾಗಿಯೇ ಇದೆ, ಏಕೆಂದರೆ ಗೇರು ಮರದ ಚಿಗುರನ್ನೂ ಹೂಗೊಂಚಲನ್ನೂ ಹೀರಿ ಕಪ್ಪಾಗಿಸಿ ಒಣಗಿಸುವ ಟೀ ಸೊಳ್ಳೆ ಇದೇ ಬಳಗದ ತಿಗಣೆ. ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯದ ವಿಜ್ಞಾನಿಗಳಿಗೆ ಅದು ಬಹುಕಾಲದ ಸಂಶೋಧನೆಯ ವಿಷಯ. ಆದರೆ ಕೆಲವು ಸಮಯದಿಂದ ನನ್ನ ಸೂಕ್ಷ್ಮದರ್ಶಕದ ಕೆಳಗಿರುವುದು ಗೇರಿನ ತಿಗಣೆಯಲ್ಲ. ಹಿಮಾಚಲ ಪ್ರದೇಶದ, ಹೂವಿನ ಬದಲು ಶಂಕು ಬಿಡುವ ಶಂಕುಧಾರಿ ಮರಗಳ ಕಾಡಿನಿಂದ ಬಂದ, ನಾಲ್ಕು ಮಿಲಿಮೀಟರಿಗಿಂತ ಚಿಕ್ಕದಾದ, ಇನ್ನೂ ಯಾರೂ ಹೆಸರಿಡದ ಒಂದು ತಿಗಣೆ. ಪ್ರಬಂಧ ಪ್ರಕಟವಾಗುವ ಮೊದಲು ಹೊಸ ಹೆಸರನ್ನು ಹೊರಗೆ ಹೇಳುವ ಪದ್ಧತಿ ನಮ್ಮಲ್ಲಿಲ್ಲ, ಹಾಗಾಗಿ ಇಲ್ಲಿಯೂ ಹೇಳುವುದಿಲ್ಲ. ಆ ಕೆಲಸ ನನಗೆ ಕಲಿಸಿದ್ದನ್ನು ಮಾತ್ರ ಬರೆಯುತ್ತೇನೆ: ಒಂದು ಕೀಟವನ್ನು ವಿವರಿಸುವಾಗ ಅದು ಬದುಕುವ ಮರವನ್ನೂ ಅಷ್ಟೇ ಶ್ರದ್ಧೆಯಿಂದ ಸಾಬೀತುಪಡಿಸಬೇಕು.

ಮೊದಲು ಬಂದ ಮಾದರಿಗಳು ರಾತ್ರಿ ದೀಪಕ್ಕೆ ಬಂದು ಸಿಕ್ಕವು. ಅವುಗಳ ಚೀಟಿಯಲ್ಲಿ ಜಿಲ್ಲೆ, ಎತ್ತರ, ಅಕ್ಟೋಬರ್ ತಿಂಗಳ ದಿನಾಂಕ, ಸಂಗ್ರಹಿಸಿದವರ ಹೆಸರು ಮತ್ತು ‘ಪೈನ್ ಕಾಡು’ ಎಂಬ ಎರಡು ಪದಗಳಿದ್ದವು. ಚೀಟಿ ಬರೆದವರು ಸರಿಯಾಗಿಯೇ ಬರೆದಿದ್ದರು. ಅದು ದೀಪ ಇಟ್ಟ ಜಾಗದ ವರ್ಣನೆ. ಆದರೆ ಇಂಥ ವರ್ಣನೆ ಚೀಟಿಯಿಂದ ಪಟ್ಟಿಗೆ, ಪಟ್ಟಿಯಿಂದ ಪ್ರಬಂಧಕ್ಕೆ ಸಾಗುವಷ್ಟರಲ್ಲಿ ‘ಆಶ್ರಯ ಸಸ್ಯ: ಪೈನ್’, ಅಂದರೆ ತಿಗಣೆ ಹುಟ್ಟಿ ಬೆಳೆಯುವ ಮರ ಪೈನ್, ಎಂದಾಗಿಬಿಡುವುದು ನಮ್ಮ ಕ್ಷೇತ್ರದಲ್ಲಿ ಅಪರೂಪವೇನಲ್ಲ. ದೀಪಕ್ಕೆ ಬರುವ ತಿಗಣೆ ಎಲ್ಲಿಂದ ಹಾರಿ ಬಂತು ಎಂಬುದು ದೀಪಕ್ಕೆ ಗೊತ್ತಿರುವುದಿಲ್ಲ. ಹಗಲಿನಲ್ಲಿ ಕೊಂಬೆ ಬಡಿದು ಹಿಡಿದ ವಯಸ್ಕ ತಿಗಣೆಯ ವಿಷಯವೂ ಹೆಚ್ಚು ಭಿನ್ನವಲ್ಲ, ಏಕೆಂದರೆ ರೆಕ್ಕೆಯಿರುವ ಕೀಟ ವಿಶ್ರಾಂತಿಗೆಂದು ಯಾವ ಮರದ ಮೇಲೂ ಕುಳಿತಿರಬಹುದು. ಒಂದು ಸಸ್ಯವನ್ನು ತಿಗಣೆಯ ಆಶ್ರಯ ಸಸ್ಯ ಎಂದು ಧೈರ್ಯವಾಗಿ ಹೇಳಬೇಕಾದರೆ ಅದರ ಮೇಲೆ ಮರಿಗಳು ಸಿಗಬೇಕು. ಮಿರಿಡ್ ತಿಗಣೆ ಐದು ಮರಿ ಹಂತಗಳನ್ನು ದಾಟಿ ವಯಸ್ಕವಾಗುತ್ತದೆ. ಆ ಐದೂ ಹಂತಗಳಲ್ಲಿ ಅದಕ್ಕೆ ಹಾರಲು ಬರುವುದಿಲ್ಲ, ಆದ್ದರಿಂದ ಮರಿ ಇರುವ ಮರವೇ ಸಾಮಾನ್ಯವಾಗಿ ಅದನ್ನು ಸಾಕಿದ ಮರ.

ನಮ್ಮ ತಿಗಣೆಯ ಬಗ್ಗೆ ನನಗೆ ಮೊದಲ ಅನುಮಾನ ಹುಟ್ಟಿಸಿದ್ದು ಚೀಟಿಯಲ್ಲಿದ್ದ ತಿಂಗಳು. ಪೈನ್ ಮರಗಳ ಗಂಡು ಶಂಕುಗಳು ಪರಾಗ ಉದುರಿಸುವುದು ಚಳಿಗಾಲ ಕಳೆದು ವಸಂತ ಬರುವ ಹೊತ್ತಿಗೆ. ಮಿರಿಡೇ ಕುಟುಂಬದೊಳಗೆ ನಮ್ಮ ತಿಗಣೆ ಸೇರುವ ಗುಂಪು ಫೈಲಿನೇ ಉಪಕುಟುಂಬ; ಶಂಕುಧಾರಿಗಳ ಮೇಲೆ ಬದುಕುವ ಅದರ ಹಲವು ತಿಗಣೆಗಳು ತಮ್ಮ ಬೆಳವಣಿಗೆಯನ್ನು ಈ ಗಂಡು ಶಂಕುಗಳ ಕಾಲಕ್ಕೆ ಹೊಂದಿಸಿಕೊಂಡಿರುತ್ತವೆ. ವರ್ಷಕ್ಕೆ ಒಂದೇ ಪೀಳಿಗೆ, ವಯಸ್ಕಗಳು ಕೆಲವೇ ವಾರ ಕಂಡು ಮರೆಯಾಗುತ್ತವೆ. ಹಾಗಿದ್ದರೆ ಅಕ್ಟೋಬರಿನಲ್ಲಿ ಹೊಸದಾಗಿ ರೆಕ್ಕೆ ಬಲಿತ ಗಂಡುಗಳು ಪೈನ್ ಕಾಡಿನಲ್ಲಿ ಏಕೆ ಇರಬೇಕು? ಅದೇ ಎತ್ತರದಲ್ಲಿ ನೀಲಿ ಪೈನ್ ಜೊತೆ ಬೆರೆತು ಬೆಳೆಯುವ ಇನ್ನೊಂದು ಮರವಿದೆ, ದೇವದಾರು. ಅದರ ಗಂಡು ಶಂಕುಗಳು ಬೇಸಿಗೆಯಲ್ಲಿ ಮೂಡಿ, ಮಳೆಗಾಲದುದ್ದಕ್ಕೂ ಬೆಳೆದು, ಪರಾಗ ಚೆಲ್ಲುವುದು ಸೆಪ್ಟೆಂಬರ್ ಅಕ್ಟೋಬರ್ ಸುಮಾರಿಗೆ. ಇದು ಸಾಕ್ಷ್ಯವಲ್ಲ, ಒಂದು ಸುಳಿವು ಮಾತ್ರ. ಆದರೆ ಮುಂದಿನ ಮಳೆಗಾಲದ ಕೊನೆಗೆ ಯಾವ ಮರವನ್ನು ಬಡಿಯಬೇಕು ಎಂದು ಹಿಮಾಚಲದ ಸಹೋದ್ಯೋಗಿಗೆ ಪತ್ರ ಬರೆಯಲು ಆ ಸುಳಿವು ಸಾಕಾಯಿತು.

ಮರ ಬಡಿಯುವ ವಿಧಾನ ಬಹಳ ಸರಳ. ಕೊಂಬೆಯ ಕೆಳಗೆ ತಿಳಿಬಣ್ಣದ ಕೊಡೆಯೊಂದನ್ನು ತಲೆಕೆಳಗಾಗಿ ಹಿಡಿದು, ಕೋಲಿನಿಂದ ಕೊಂಬೆಗೆ ಥಟ್ಟನೆ ಒಂದೆರಡು ಏಟು ಹಾಕಬೇಕು. ಉದುರಿದ ಒಣ ಸೂಜಿ, ಕಲ್ಲುಹೂವಿನ ಚೂರು, ಜೇಡ, ಪರಾಗದ ಹಳದಿ ಪುಡಿಗಳ ನಡುವೆ ಓಡುವ ಚುಕ್ಕೆಯನ್ನು ಹೀರುಗೊಳವೆಯಿಂದ ಸೀಸೆಗೆ ಎಳೆದುಕೊಳ್ಳಬೇಕು. ನಮ್ಮ ಸಹೋದ್ಯೋಗಿ ನೀಲಿ ಪೈನ್ ಮತ್ತು ದೇವದಾರು ಎರಡನ್ನೂ, ಪಕ್ಕದಲ್ಲಿದ್ದ ಓಕ್ ಮರಗಳನ್ನೂ ಬೇರೆ ಬೇರೆಯಾಗಿ ಬಡಿದು, ಒಂದೊಂದು ಮರದ ಕೀಟಗಳನ್ನು ಬೇರೆ ಸೀಸೆಗಳಲ್ಲಿ ಇಟ್ಟು, ಒಳಗಿನ ಚೀಟಿಯನ್ನು ಪೆನ್ಸಿಲಿನಲ್ಲಿ ಬರೆದು ಕಳುಹಿಸಿದರು. ಆಲ್ಕೋಹಾಲಿನಲ್ಲಿ ಬಾಲ್ ಪೆನ್ನಿನ ಶಾಯಿ ಕರಗಿಹೋಗುತ್ತದೆ, ಪೆನ್ಸಿಲಿನ ಬರಹ ಉಳಿಯುತ್ತದೆ. ಮರಿಗಳು ಇದ್ದದ್ದು ದೇವದಾರಿನ ಸೀಸೆಯಲ್ಲಿ ಮಾತ್ರ. ಕೊನೆಯ ಹಂತದ ಮರಿಗಳ ಬೆನ್ನಿನ ಮೇಲೆ ರೆಕ್ಕೆಯ ಮೊಗ್ಗುಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಅದೇ ಕೊಂಬೆಗಳಿಂದ ಬಿದ್ದ, ದೀಪಕ್ಕೆ ಬಂದ ಗಂಡುಗಳನ್ನೇ ಹೋಲುವ ವಯಸ್ಕ ಗಂಡುಗಳೂ ಹೆಣ್ಣುಗಳೂ ಜೊತೆಯಲ್ಲಿದ್ದವು.

ಜೊತೆಗೆ ಅವರು ಕಳುಹಿಸಿದ ಇನ್ನೊಂದು ವಸ್ತುವನ್ನು ನಾನು ತಿಗಣೆಗಳಷ್ಟೇ ಅಮೂಲ್ಯವೆಂದು ಭಾವಿಸುತ್ತೇನೆ. ಅದು ಬಡಿದ ಮರದಿಂದಲೇ ಕತ್ತರಿಸಿ, ಕಾಗದದ ನಡುವೆ ಒತ್ತಿ ಒಣಗಿಸಿದ ಒಂದು ಟಿಸಿಲು. ಮರದ ಹೆಸರನ್ನು ಬಾಯಿಮಾತಿನಲ್ಲಿ ನಂಬುವ ಅಗತ್ಯವೇ ಇಲ್ಲದಂತೆ ಆ ಟಿಸಿಲು ಮಾಡಿತು. ಗಿಡ್ಡ ಚಿಗುರಿನ ತುದಿಯಲ್ಲಿ ಗೊಂಚಲಾಗಿ ಹೊರಟ ಹಲವಾರು ಸೂಜಿಗಳು ದೇವದಾರಿನ ಗುರುತು. ನೀಲಿ ಪೈನ್ ಆಗಿದ್ದರೆ ಒಂದು ಕಟ್ಟಿನಲ್ಲಿ ಐದು, ಚೀರ್ ಪೈನ್ ಆಗಿದ್ದರೆ ಮೂರು ಉದ್ದ ಸೂಜಿಗಳಿರುತ್ತಿದ್ದವು.

ನಮ್ಮ ಊರಿನ ವಿದ್ಯಾರ್ಥಿಗಳಿಗೆ ಇದನ್ನು ಕಲಿಸುವಾಗ ನಾನು ಕಡಲತೀರಕ್ಕೆ ಕರೆದೊಯ್ಯುತ್ತೇನೆ. ಮರಳಿನ ಮೇಲೆ ಸಾಲಾಗಿ ನೆಟ್ಟ ಗಾಳಿ ಮರಗಳನ್ನು ಕಂಡವರೆಲ್ಲ ಅವನ್ನು ಪೈನ್ ಎಂದೇ ಕರೆಯುತ್ತಾರೆ; ಸೂಜಿಯಂಥ ಹಸಿರು, ಚಿಕ್ಕ ಶಂಕುವಿನಂಥ ಕಾಯಿ, ಎಲ್ಲವೂ ಹಾಗೆಯೇ ಕಾಣುತ್ತದೆ. ಒಂದು ಸೂಜಿಯನ್ನು ಎರಡೂ ತುದಿ ಹಿಡಿದು ಮೆಲ್ಲಗೆ ಎಳೆದರೆ ಅದು ಗಿಣ್ಣಿನಲ್ಲಿ ಬಿಟ್ಟುಕೊಳ್ಳುತ್ತದೆ, ಆ ಗಿಣ್ಣಿನ ಸುತ್ತ ಕೈಮಸೂರದಲ್ಲಿ ಕಾಣುವ ಪುಟ್ಟ ಹಲ್ಲುಗಳ ಬಳೆಯಿರುತ್ತದೆ. ಆ ಹಲ್ಲುಗಳೇ ಅದರ ಎಲೆಗಳು. ನಾವು ಸೂಜಿ ಎಂದುಕೊಂಡದ್ದು ಒಂದು ಎಳೆಯ ಟಿಸಿಲು, ಮತ್ತು ಗಾಳಿ ಮರ ಹೂಬಿಡುವ ಸಸ್ಯಗಳ ಗುಂಪಿನದು. ಅತ್ತ, ಕೇರಳ ಮತ್ತು ತಮಿಳುನಾಡಿನ ಘಟ್ಟಗಳ ಮಳೆಕಾಡಿನಲ್ಲಿ ಸಹಜವಾಗಿ ಬೆಳೆಯುವ ನಗೇಯಾ ವಲ್ಲಿಚಿಯಾನಾ ನಿಜವಾದ ಶಂಕುಧಾರಿ, ಆದರೆ ಅದರ ಎಲೆ ನಡುನರವಿಲ್ಲದ ಅಗಲ ಎಲೆ. ದಕ್ಷಿಣ ಭಾರತದ ಏಕೈಕ ಸ್ಥಳೀಯ ಶಂಕುಧಾರಿ ಎಂದು ಪರಿಚಿತವಾದ ಮರವನ್ನು ನಮ್ಮಲ್ಲಿ ಹೆಚ್ಚಿನವರು ಶಂಕುಧಾರಿ ಎಂದು ಗುರುತಿಸಲಾರರು. ಹಾಗಿರುವಾಗ ‘ಶಂಕುಧಾರಿಯ ಮೇಲೆ ಸಿಕ್ಕಿತು’ ಎಂಬ ಬರಹವನ್ನು ಟಿಸಿಲಿಲ್ಲದೆ ಸ್ವೀಕರಿಸುವುದು ನನಗೆ ಸರಿ ಕಾಣುವುದಿಲ್ಲ.

ಮಂಗಳೂರಿನಲ್ಲಿ ಕುಳಿತು ಈ ಕೆಲಸ ಮಾಡುವುದಕ್ಕೆ ತನ್ನದೇ ಕಷ್ಟಗಳಿವೆ. ಮಳೆಗಾಲದ ತೇವದಲ್ಲಿ ಒಣ ಮಾದರಿಗಳಿಗೆ ಬೂಷ್ಟು ಹಿಡಿಯುತ್ತದೆ, ಆದ್ದರಿಂದ ಪೆಟ್ಟಿಗೆಗಳನ್ನು ಸಿಲಿಕಾ ಜೆಲ್ ಜೊತೆ ಮುಚ್ಚಿಡಬೇಕು, ಅದನ್ನು ಆಗಾಗ ಕಾಯಿಸಿ ಒಣಗಿಸಬೇಕು. ಮಿರಿಡ್ ತಿಗಣೆಗಳ ಕಾಲು, ಮೀಸೆ ಬಲು ಬೇಗ ಕಳಚುತ್ತವೆ. ಹಾಗಾಗಿ ದೇಹಕ್ಕೆ ಸೂಜಿ ಚುಚ್ಚದೆ, ತ್ರಿಕೋನ ಕಾಗದದ ತುದಿಗೆ ಅಂಟಿಸಿ, ಆ ಕಾಗದಕ್ಕೆ ಸೂಜಿ ಚುಚ್ಚುತ್ತೇವೆ. ಫೈಲಿನೇ ಗುಂಪಿನ ಕೆಲವು ಕುಲಗಳಲ್ಲಿ ಬೆನ್ನಿನ ಮೇಲೆ ಚಪ್ಪಟೆಯಾದ ಬೆಳ್ಳಿಬಣ್ಣದ ರೋಮಗಳಿರುತ್ತವೆ. ಕುಲ ನಿರ್ಧರಿಸಲು ಅವು ಬೇಕೇ ಬೇಕು, ಆದರೆ ಆಲ್ಕೋಹಾಲಿನಲ್ಲಿ ಅಲುಗಾಡಿದರೆ ಸಾಕು, ಉದುರಿಹೋಗುತ್ತವೆ. ನಮ್ಮ ತಿಗಣೆಯಲ್ಲಿ ದೀಪದ ಬಳಿ ಒಣದಾಗಿ ಹಿಡಿದ ಗಂಡುಗಳ ಮೇಲೆ ಅವು ಉಳಿದಿದ್ದವು, ಸೀಸೆಯಲ್ಲಿ ಬಂದವುಗಳ ಮೇಲೆ ಹೆಚ್ಚಾಗಿ ಬೋಳು ಚರ್ಮವಿತ್ತು. ಎರಡೂ ರೀತಿಯ ಸಂಗ್ರಹ ಏಕೆ ಬೇಕು ಎಂದು ಕೇಳುವವರಿಗೆ ನಾನು ಈಗ ಈ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸುತ್ತೇನೆ.

ಹೊರನೋಟದಿಂದ ಪ್ರಭೇದ ನಿರ್ಧಾರವಾಗುವುದು ಕಡಿಮೆ. ಗಂಡಿನ ಉದರದ ತುದಿಯನ್ನು ಬೇರ್ಪಡಿಸಿ, ಪೊಟ್ಯಾಶಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಮೆತ್ತಗಾಗಿಸಿ, ಗ್ಲಿಸರಿನ್ ಹನಿಯೊಂದರಲ್ಲಿ ಬಿಡಿಸಬೇಕು. ಕೂಡುವಾಗ ಹೆಣ್ಣನ್ನು ಹಿಡಿಯುವ ಎಡ ಮತ್ತು ಬಲ ಹಿಡಿಕೆಗಳು ಒಂದೇ ಆಕಾರದಲ್ಲಿರುವುದಿಲ್ಲ. ಈ ಉಪಕುಟುಂಬದಲ್ಲಿ ಎಡಗಡೆಯದು ದೋಣಿಯಾಕಾರದ್ದು. ಆದರೆ ಹಿಡಿಕೆಗಳಿಗಿಂತ, ಶಿಶ್ನದ ಒಳಗಿನ ಗಟ್ಟಿಯಾದ ಬಾಗಿದ ಪಟ್ಟಿಯೇ ನಮಗೆ ಮುಖ್ಯ. ಅದು ಎಲ್ಲಿ ತಿರುಚಿದೆ, ತುದಿ ಒಂದೋ ಎರಡೋ, ರಂಧ್ರ ತುದಿಯಿಂದ ಎಷ್ಟು ಹಿಂದಿದೆ ಎಂಬುದನ್ನು ಒಂದೊಂದು ಕೋನದಿಂದ ತಿರುಗಿಸಿ ಚಿತ್ರ ಬರೆಯುತ್ತಾ ಹೋದಾಗ, ಹತ್ತಿರದ ಪ್ರಭೇದಗಳಿಗಿಂತ ಇದು ಬೇರೆ ಎಂಬುದು ಖಚಿತವಾಯಿತು. ಕ್ಯಾಮೆರಾ ಇದ್ದರೂ ನಾನು ಕೈಯಿಂದ ಚಿತ್ರ ಬರೆಯುವುದನ್ನು ಬಿಟ್ಟಿಲ್ಲ, ಏಕೆಂದರೆ ಬರೆಯುವಾಗ ಪ್ರತಿ ಅಂಚನ್ನೂ ಕಣ್ಣು ಪ್ರಶ್ನಿಸುತ್ತದೆ.

ಹಳೆಯ ಸಾಹಿತ್ಯದೊಂದಿಗೆ ಹೋಲಿಸುವಾಗ ಆಶ್ರಯ ಸಸ್ಯದ ಬೆಲೆ ಮತ್ತೆ ಮನವರಿಕೆಯಾಯಿತು. ಭಾರತದ ಮಿರಿಡ್‌ಗಳ ಬಹುಪಾಲು ಹಳೆಯ ಹೆಸರುಗಳು ಬ್ರಿಟಿಷ್ ಕೀಟವಿಜ್ಞಾನಿ ಡಬ್ಲ್ಯು. ಎಲ್. ಡಿಸ್ಟಂಟ್ ಅವರವು, ಅವರು 1904ರಲ್ಲಿ ಬ್ರಿಟಿಷ್ ಇಂಡಿಯಾದ ಪ್ರಾಣಿಸಂಕುಲ ಮಾಲೆಯ ತಿಗಣೆಗಳ ಎರಡನೆಯ ಸಂಪುಟದಲ್ಲಿ ಈ ಕುಟುಂಬವನ್ನು ವಿವರಿಸಿದರು. ಅಲ್ಲಿ ಊರಿನ ಹೆಸರಿದೆ, ಸಂಗ್ರಹಿಸಿದವರ ಹೆಸರಿದೆ, ಸಸ್ಯದ ಹೆಸರು ಮಾತ್ರ ವಿರಳ. ಆ ಕಾಲದಲ್ಲಿ ಅಷ್ಟು ವಿಶಾಲ ದೇಶದ ಕೀಟಗಳನ್ನು ಲಂಡನ್ನಿನಲ್ಲಿ ಕುಳಿತು ವಿವರಿಸಿದವರ ಶ್ರಮ ದೊಡ್ಡದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಅವುಗಳಲ್ಲಿ ಒಂದನ್ನು ಮತ್ತೆ ಹುಡುಕಲು ಹೊರಟವರಿಗೆ ಯಾವ ಗಿಡ ಬಡಿಯಬೇಕೆಂದು ತಿಳಿಯುವುದಿಲ್ಲ, ಇಡೀ ಬೆಟ್ಟವನ್ನೇ ಬಡಿಯಬೇಕಾಗುತ್ತದೆ.

ಇದೇ ಕಾರಣಕ್ಕೆ ಹೆಸರಿಡುವಾಗಲೂ ನಾನು ಜಾಗರೂಕತೆ ಕೇಳುತ್ತೇನೆ. ಪ್ರಾಣಿಗಳ ನಾಮಕರಣದ ಅಂತರರಾಷ್ಟ್ರೀಯ ಸಂಹಿತೆಯ ಪ್ರಕಾರ ಒಮ್ಮೆ ಸಿಂಧುವಾಗಿ ಪ್ರಕಟವಾದ ಹೆಸರನ್ನು, ಅದರ ಅರ್ಥ ಪ್ರಾಣಿಗೆ ಹೊಂದುವುದಿಲ್ಲ ಎಂಬ ಕಾರಣಕ್ಕೆ ತೆಗೆದುಹಾಕುವಂತಿಲ್ಲ. ಮೊದಲ ಚೀಟಿಯನ್ನೇ ನಂಬಿ ಪೈನಿನ ಹೆಸರನ್ನು ತಿಗಣೆಗೆ ಸೇರಿಸಿದ್ದರೆ, ದೇವದಾರಿನ ಮೇಲೆ ಹುಟ್ಟಿ ಬೆಳೆಯುವ ಪ್ರಾಣಿ ಶಾಶ್ವತವಾಗಿ ಪೈನಿನ ಹೆಸರನ್ನು ಹೊರಬೇಕಾಗುತ್ತಿತ್ತು.

ಈಗ ಪ್ರಬಂಧ ಸಿದ್ಧವಾಗುತ್ತಿದೆ. ಪ್ರಭೇದದ ಹೆಸರನ್ನು ಹೊರುವ ಏಕೈಕ ಮಾದರಿ, ಅಂದರೆ ಹೊಲೊಟೈಪ್ ಆಗಿ ದೇವದಾರಿನಿಂದ ನೇರವಾಗಿ ಬಡಿದು ಪಡೆದ ಗಂಡನ್ನು ಆರಿಸಿದ್ದೇವೆ. ದೀಪದ ಬಳಿ ಸಿಕ್ಕ ಗಂಡುಗಳು ರೋಮಗಳ ದೃಷ್ಟಿಯಿಂದ ಹೆಚ್ಚು ಸುಂದರವಾಗಿದ್ದರೂ ಅವನ್ನು ಪ್ಯಾರಾಟೈಪ್‌ಗಳಾಗಿ, ಅಂದರೆ ಅದರ ಜೊತೆಗಿನ ಪೂರಕ ಮಾದರಿಗಳಾಗಿ ಇಟ್ಟುಕೊಂಡೆವು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಹೊಸ ಪ್ರಭೇದದ ಮಾಹಿತಿಯನ್ನೂ ಮಾದರಿಯನ್ನೂ ಗೊತ್ತುಪಡಿಸಿದ ಭಂಡಾರಕ್ಕೆ ಕೊಡಬೇಕು. ಹೊಲೊಟೈಪ್ ಕೋಲ್ಕತ್ತಾದ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯಕ್ಕೆ ಹೋಗುತ್ತದೆ, ಅಂಚೆಯಲ್ಲಿ ಅಲ್ಲ, ಯಾರಾದರೂ ಕೈಯಲ್ಲಿ ಹಿಡಿದು ಒಯ್ಯುತ್ತಾರೆ. ಒಣಗಿಸಿದ ಟಿಸಿಲು ಸಸ್ಯ ಸಂಗ್ರಹಾಲಯವೊಂದಕ್ಕೆ ಸೇರಿ, ಅದರ ನೋಂದಣಿ ಸಂಖ್ಯೆಯನ್ನು ಪ್ರಬಂಧದಲ್ಲಿ ತಿಗಣೆಯ ಸಂಖ್ಯೆಯ ಪಕ್ಕದಲ್ಲೇ ಅಚ್ಚು ಹಾಕಿಸುತ್ತೇವೆ.

ಉಳಿದಿರುವುದು ಮೊಟ್ಟೆಯ ಪ್ರಶ್ನೆ. ಮಿರಿಡ್ ಹೆಣ್ಣು ತನ್ನ ಮೊಟ್ಟೆಗಳನ್ನು ಸಸ್ಯದ ಅಂಗಾಂಶದೊಳಗೆ ಸೀಳಿ ಇಡುತ್ತದೆ. ವರ್ಷಕ್ಕೊಂದೇ ಪೀಳಿಗೆಯಿರುವ ಶೀತಪ್ರದೇಶದ ಪ್ರಭೇದಗಳಲ್ಲಿ ಸಾಮಾನ್ಯವಾಗಿ ಚಳಿಗಾಲವನ್ನು ದಾಟುವುದು ಮೊಟ್ಟೆಯೇ. ದೇವದಾರಿನ ಗಿಡ್ಡ ಚಿಗುರಿನಲ್ಲೋ, ಎಳೆಯ ತೊಗಟೆಯಲ್ಲೋ, ಪರಾಗ ಚೆಲ್ಲಿ ಒಣಗಿದ ಗಂಡು ಶಂಕುವಿನ ಬುಡದಲ್ಲೋ ಅವು ಇರಬೇಕು. ಹಿಮ ಬೀಳುವ ಮೊದಲು ಮೂರೂ ಭಾಗಗಳನ್ನು ಬೇರೆ ಬೇರೆ ಸೀಸೆಗಳಲ್ಲಿ ಕಳುಹಿಸುವಂತೆ ಸಹೋದ್ಯೋಗಿಗೆ ಬರೆದಿದ್ದೇನೆ, ಚೀಟಿ ಪೆನ್ಸಿಲಿನಲ್ಲೇ ಇರಲಿ ಎಂದೂ ಸೇರಿಸಿದ್ದೇನೆ.