ಪೆಡಲ್ ತುಳಿಯುವ ಮುನ್ನ: ಇಪಿ ಲ್ಯಾಬಿಗೆ ಹೊಸದಾಗಿ ಬರುವವರಿಗೆ

ಕಾರ್ಡಿಯಾಲಜಿ ಮುಗಿಸಿ ಎಲೆಕ್ಟ್ರೋಫಿಸಿಯಾಲಜಿಗೆ (ಇಪಿ), ಅಂದರೆ ಹೃದಯದ ಲಯದ ಕೆಲಸಕ್ಕೆ, ಬರುವ ಹೆಚ್ಚಿನವರ ಕಣ್ಣೆಲ್ಲ ಅಬ್ಲೇಶನ್ ಮೇಲೇ, ಅಂದರೆ ಪೆಡಲ್ ತುಳಿದು, ರಕ್ತನಾಳದ ಮೂಲಕ ಹೃದಯಕ್ಕೆ ಇಳಿಸಿದ ಕ್ಯಾಥೆಟರಿನ ತುದಿಯಿಂದ ಲಯ ಕೆಡಿಸುವ ಜಾಗ ಸುಡುವುದರ ಮೇಲೇ, ಇರುತ್ತದೆ. ಜನರಲ್ ಮೆಡಿಸಿನ್, ಆಮೇಲೆ ಕಾರ್ಡಿಯಾಲಜಿ, ಅದರ ಮೇಲೆ ಒಂದೆರಡು ವರ್ಷದ ಫೆಲೋಶಿಪ್. ಇಷ್ಟು ಕಾದವರ ಕೈ ತುರಿಸುವುದು ಸಹಜವೇ. ಆದರೆ ಒಂದು ಸಾಧಾರಣ ಎಸ್‌ವಿಟಿ (ಹೃದಯದ ಮೇಲ್ಭಾಗದಿಂದ ಹುಟ್ಟುವ ವೇಗದ ಬಡಿತ) ಕೇಸಿನಲ್ಲಿ ಸುಡುವ ಕೆಲಸ ಕೆಲವೇ ನಿಮಿಷದ್ದು. ಮಿಕ್ಕ ಹೊತ್ತೆಲ್ಲ ಅಳತೆಗೆ ಹೋಗುತ್ತದೆ, ತಪ್ಪುಗಳೂ ಅಲ್ಲೇ ಹುಟ್ಟುತ್ತವೆ.

ಅಳತೆ ಶುರುವಾಗುವುದು ಎಮರ್ಜೆನ್ಸಿಯಲ್ಲಿ. ಎದೆ ಡವಗುಟ್ಟುತ್ತ ಬಂದ ರೋಗಿಯ ರಕ್ತದೊತ್ತಡ ಸರಿಯಿದ್ದರೆ, ಬಡಿತ ಓಡುತ್ತಿರುವಾಗಲೇ 12 ಲೀಡಿನ ಇಸಿಜಿ ತೆಗೆಯಿರಿ. ಎವಿ ನೋಡನ್ನು (ಏಟ್ರಿಯಂ ಎಂಬ ಮೇಲ್ಕೋಣೆಯಿಂದ ವೆಂಟ್ರಿಕಲ್ ಎಂಬ ಕೆಳಕೋಣೆಗೆ ವಿದ್ಯುತ್ ದಾಟಿಸುವ ಗಂಟು) ಕ್ಷಣಕಾಲ ತಡೆಯುವ ಅಡೆನೊಸಿನ್ 6 ಮಿ.ಗ್ರಾಂ. ಅನ್ನು ಮೊಣಕೈ ಮಡಿಕೆಯ ದಪ್ಪ ರಕ್ತನಾಳಕ್ಕೆ ಒಂದೆರಡು ಸೆಕೆಂಡಿನಲ್ಲಿ ತಳ್ಳಿ, ಬೆನ್ನಿಗೇ 20 ಮಿ.ಲೀ. ಸಲೈನ್ ಹರಿಸಬೇಕು. ಬಗ್ಗದಿದ್ದರೆ 12. ಈ ಮದ್ದಿನ ಅರ್ಧಾಯುಷ್ಯ 10 ಸೆಕೆಂಡಿಗೂ ಕಡಿಮೆ. ಅಂಗೈ ಹಿಂಬದಿಯ ಸಣ್ಣ ಕ್ಯಾನುಲಾದಲ್ಲಿ ನಿಧಾನಕ್ಕೆ ಕೊಟ್ಟರೆ ಹೃದಯ ಮುಟ್ಟುವ ಮೊದಲೇ ಅದರ ಶಕ್ತಿ ಮುಗಿದಿರುತ್ತದೆ. ಕೇಸ್ ಶೀಟಿನಲ್ಲಿ ಮಾತ್ರ ‘ಅಡೆನೊಸಿನ್‌ಗೆ ಜಗ್ಗಲಿಲ್ಲ’ ಎಂದು ದಾಖಲಾಗುತ್ತದೆ. ಕೊಡುವಾಗ ಇಸಿಜಿ ಪಟ್ಟಿ ಓಡುತ್ತಲೇ ಇರಲಿ. ಕೊನೆಗೆ ಒಂದು ಪಿ ಅಲೆ (ಏಟ್ರಿಯಂನ ಗುರುತು) ಬಂದು, ಅದರ ಹಿಂದೆ ಕ್ಯೂಆರ್‌ಎಸ್ (ವೆಂಟ್ರಿಕಲ್‌ನ ಗುರುತು) ಇಲ್ಲದೆ ವೇಗದ ಬಡಿತ ನಿಂತರೆ ಏಟ್ರಿಯಲ್ ಟಾಕಿಕಾರ್ಡಿಯಾದ (ಏಟ್ರಿಯಂನಲ್ಲೇ ಹುಟ್ಟುವ ವೇಗದ ಬಡಿತದ) ಸಾಧ್ಯತೆ ಬಹಳ ಕಡಿಮೆ. ನಿಲ್ಲದೆ ಬರೀ ಎವಿ ಬ್ಲಾಕ್ (ಮೇಲಿನ ಸಂಕೇತ ಕೆಳಗಿಳಿಯದಿರುವುದು) ಆದಾಗ, ಏಟ್ರಿಯಲ್ ಫ್ಲಟರ್ ಇದ್ದರೆ ಅದರ ಗರಗಸದ ಹಲ್ಲಿನಂಥ ಅಲೆ ಬಯಲಿಗೆ ಬರುತ್ತದೆ. ಈ ಒಂದು ಪಟ್ಟಿ ಕೈಯಲ್ಲಿದ್ದರೆ ಲ್ಯಾಬಿನ ಅರ್ಧ ಕೆಲಸ ಆದಂತೆಯೇ. ಅಗಲ ಕ್ಯೂಆರ್‌ಎಸ್ ಇದ್ದು ಬಡಿತ ಅನಿಯಮಿತವಾಗಿದ್ದರೆ ಅಡೆನೊಸಿನ್ ಆಗಲಿ ವೆರಪಮಿಲ್ ಆಗಲಿ ಮುಟ್ಟಬೇಡಿ. ಅದು ಡಬ್ಲ್ಯುಪಿಡಬ್ಲ್ಯು (ಹುಟ್ಟಿನಿಂದಲೇ ಇರುವ ಹೆಚ್ಚುವರಿ ವಿದ್ಯುತ್ ದಾರಿ) ಜೊತೆಗಿನ ಏಟ್ರಿಯಲ್ ಫಿಬ್ರಿಲೇಶನ್ (ಏಟ್ರಿಯಂನ ಅಡ್ಡಾದಿಡ್ಡಿ ಕಂಪನ) ಆಗಿದ್ದರೆ ವೆಂಟ್ರಿಕ್ಯುಲರ್ ಫಿಬ್ರಿಲೇಶನ್‌ಗೆ, ಅಂದರೆ ಹೃದಯ ಪಂಪ್ ಮಾಡದೆ ಬರೀ ಅದುರುವ ಸ್ಥಿತಿಗೆ, ತಿರುಗಬಹುದು.

ಲ್ಯಾಬಿನಲ್ಲಿ ಕ್ಯಾಥೆಟರುಗಳು ಕೂತ ಮೇಲೆ ಮೊದಲು ನೋಡುವುದು ಎಎಚ್ (ಏಟ್ರಿಯಂನಿಂದ, ಎವಿ ನೋಡಿನ ಕೆಳಗಿನ ವಿದ್ಯುತ್ ತಂತುವಾದ ಹಿಸ್ ಬಂಡಲ್ ತಲುಪಲು ಹಿಡಿಯುವ ಹೊತ್ತು) ಮತ್ತು ಎಚ್‌ವಿ (ಹಿಸ್‌ನಿಂದ ವೆಂಟ್ರಿಕಲ್ ತಲುಪುವ ಹೊತ್ತು). ಎಎಚ್ ಸುಮಾರು 50ರಿಂದ 120 ಮಿಲಿಸೆಕೆಂಡು, ಎಚ್‌ವಿ 35ರಿಂದ 55. ಎಚ್‌ವಿ 30ಕ್ಕಿಂತ ಕೆಳಗೆ ಬಂತೆಂದು ಕೂಡಲೇ ಪ್ರಿಎಕ್ಸೈಟೇಶನ್ (ಹೆಚ್ಚುವರಿ ದಾರಿಯಿಂದ ವೆಂಟ್ರಿಕಲ್‌ಗೆ ವಿದ್ಯುತ್ ಬೇಗ ತಲುಪುವುದು) ಎನ್ನುವವರಿದ್ದಾರೆ. ಮೊದಲು ಕ್ಯಾಥೆಟರ್ ನೋಡಿ: ಎಷ್ಟೋ ಸಲ ಅದು ಒಂದಿಷ್ಟು ಮುಂದೆ ಸರಿದು ಹಿಸ್‌ನ ಬಲ ಕವಲಾದ ಬಲ ಬಂಡಲ್‌ನ ಸಿಗ್ನಲ್ ತೋರಿಸುತ್ತಿರುತ್ತದೆ. ನಿಜವಾದ ಹಿಸ್ ಸಿಗ್ನಲ್ ಇರುವಲ್ಲಿ ಅದರ ಮುಂದೆ ಒಳ್ಳೆಯ ಎತ್ತರದ ಏಟ್ರಿಯಲ್ ಸಿಗ್ನಲ್ ಇರಬೇಕು. ಅದಿಲ್ಲದಿದ್ದರೆ ಕ್ಯಾಥೆಟರ್ ತುಸು ಹಿಂದೆಳೆದು ಮತ್ತೆ ಅಳೆಯಿರಿ.

ಆಮೇಲೆ ಪೇಸಿಂಗ್, ಅಂದರೆ ಕ್ಯಾಥೆಟರಿನಿಂದ ವಿದ್ಯುತ್ ಕೊಟ್ಟು ಹೃದಯ ಬಡಿಸುವುದು. ಏಟ್ರಿಯಂನಲ್ಲಿ 8 ಬಡಿತದ ಡ್ರೈವ್ (ಒಂದೇ ಅಂತರದ ಸರಣಿ), ಹಿಂದೆ ಬೇಗ ಕೊಡುವ ಒಂದು ಎಕ್ಸ್‌ಟ್ರಾ. ಅದನ್ನು 10 ಮಿಲಿಸೆಕೆಂಡಿನಂತೆ ಹತ್ತಿರ ತಂದಾಗ ಎಎಚ್ ಒಮ್ಮೆಲೇ 50 ಅಥವಾ ಹೆಚ್ಚು ನೆಗೆದರೆ ಎವಿ ನೋಡಿಗೆ ಎರಡು ದಾರಿ ಇದೆ ಎಂದರ್ಥ. ಜಂಪ್ ಕಂಡಿತೆಂದು ಖುಷಿಪಡಬೇಡಿ. ಯಾವ ತೊಂದರೆಯೂ ಇಲ್ಲದವರಲ್ಲೂ ಇದು ಕಾಣುತ್ತದೆ. ಟಾಕಿಕಾರ್ಡಿಯಾ ಹುಟ್ಟಬೇಕು, ಅದರೊಳಗೆ ಪರೀಕ್ಷೆ ನಡೆಯಬೇಕು. ಬಲ ವೆಂಟ್ರಿಕಲ್‌ನಿಂದ ಟಾಕಿಕಾರ್ಡಿಯಾಗಿಂತ 20-40 ಮಿಲಿಸೆಕೆಂಡು ವೇಗವಾಗಿ ಪೇಸ್ ಮಾಡಿ ನಿಲ್ಲಿಸಿದಾಗ, ಪೋಸ್ಟ್ ಪೇಸಿಂಗ್ ಇಂಟರ್ವಲ್‌ನಲ್ಲಿ (ಕೊನೆಯ ಪೇಸಿಂಗ್‌ನಿಂದ ಅದೇ ಜಾಗದ ಮುಂದಿನ ಬಡಿತದವರೆಗಿನ ಹೊತ್ತಿನಲ್ಲಿ) ಟಾಕಿಕಾರ್ಡಿಯಾದ ಸೈಕಲ್ ಲೆಂತ್ (ಒಂದು ಬಡಿತದಿಂದ ಇನ್ನೊಂದರ ಅಂತರ) ಕಳೆದರೆ 115 ಮಿಲಿಸೆಕೆಂಡಿಗಿಂತ ಹೆಚ್ಚು ಉಳಿಯುವುದು ಎವಿಎನ್‌ಆರ್‌ಟಿ (ಎವಿ ನೋಡಿನ ಎರಡು ದಾರಿಗಳಲ್ಲಿ ವಿದ್ಯುತ್ ಸುತ್ತುವ ಟಾಕಿಕಾರ್ಡಿಯಾ) ಕಡೆಗೆ ಬೆರಳು ಮಾಡುತ್ತದೆ. ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ: ಏಟ್ರಿಯಂ ನಿಜಕ್ಕೂ ಪೇಸಿಂಗ್ ವೇಗಕ್ಕೆ ಏರಿತ್ತೇ ಎಂದು ನೋಡದೆ ಕ್ಯಾಲಿಪರ್ ಇಡುವುದು. ಏರಿಲ್ಲದಿದ್ದರೆ ಆ ಸಂಖ್ಯೆಗೆ ಬೆಲೆಯೇ ಇಲ್ಲ.

ಇನ್ನು ಸ್ಲೋ ಪಾತ್‌ವೇ ಅಬ್ಲೇಶನ್, ಅಂದರೆ ಆ ಎರಡು ದಾರಿಗಳಲ್ಲಿ ನಿಧಾನದ್ದನ್ನು ಸುಡುವುದು. ಬಲ ಏಟ್ರಿಯಂನಲ್ಲಿ ಎವಿ ನೋಡ್ ಇರುವ ಕಾಕ್ ತ್ರಿಕೋನದ ಕೆಳಭಾಗ, ಕೊರೋನರಿ ಸೈನಸ್ (ಹೃದಯದ್ದೇ ರಕ್ತ ಮರಳಿಸುವ ಅಭಿಧಮನಿ) ಬಾಯಿಯ ಹತ್ತಿರ, ಏಟ್ರಿಯಲ್ ಸಿಗ್ನಲ್ ಚಿಕ್ಕದು, ವೆಂಟ್ರಿಕಲ್‌ನದು ದೊಡ್ಡದು, ತುದಿಯಲ್ಲಿ ಹಿಸ್ ಸಿಗ್ನಲ್ ಒಂಚೂರೂ ಇರಬಾರದು. 4 ಮಿ.ಮೀ. ತುದಿಯ ಮಾಮೂಲಿ ಕ್ಯಾಥೆಟರಿಗೆ 60 ಡಿಗ್ರಿ ಮಿತಿ. ಆನ್ ಮಾಡಿದ ಮೇಲೆ ಎವಿ ನೋಡಿನ ಆಸುಪಾಸಿನಿಂದ ಹುಟ್ಟುವ ಜಂಕ್ಷನಲ್ ಬಡಿತ ಬರಬೇಕು. 10-15 ಸೆಕೆಂಡಾದರೂ ಬರದಿದ್ದರೆ ಜಾಗ ಬದಲಿಸಿ. ಬಂತೆಂದರೆ ಪ್ರತಿ ಬಡಿತದ ಹಿಂದೆಯೂ ಏಟ್ರಿಯಂ ಹಿಂಬಾಲಿಸುತ್ತಿದೆಯೇ ನೋಡಬೇಕು. ಒಂದೇ ಒಂದು ತಪ್ಪಿದರೂ ಪೆಡಲ್‌ನಿಂದ ಕಾಲು ಮೇಲೆ. ಎರಡನೆಯದಕ್ಕೆ ಕಾಯುವಂತಿಲ್ಲ. ಜಂಕ್ಷನಲ್ ಲಯ ವಿಪರೀತ ವೇಗವಾದರೂ ಅಷ್ಟೇ, ಅದು ಎವಿ ನೋಡಿಗೆ ಹತ್ತಿರ ಬಂದ ಸೂಚನೆ. ಎವಿ ಬ್ಲಾಕ್ ಉಳಿದುಬಿಡುವ ಅಪಾಯ ಒಂದು ಶೇಕಡಾ ಆಸುಪಾಸು ಎಂದು ಕಾಗದದಲ್ಲಿ ಸಣ್ಣದಾಗಿ ಕಾಣುತ್ತದೆ, ಆದರೆ ಜೀವಕ್ಕೆ ಅಪಾಯವಿಲ್ಲದ ಕಾಯಿಲೆಗೆ ಬಂದ ಇಪ್ಪತ್ತೈದರ ಹುಡುಗಿ ಪೇಸ್‌ಮೇಕರ್ ಹಾಕಿಸಿಕೊಂಡು ಹೋಗುವುದು ಸಣ್ಣದಲ್ಲ. ಸೆಡೇಶನ್‌ನಲ್ಲಿ ಗೊರಕೆ ಹೊಡೆಯುವ ರೋಗಿ ಒಮ್ಮೆ ಜೋರಾಗಿ ಉಸಿರೆಳೆದರೆ ಕ್ಯಾಥೆಟರ್ ಹಿಸ್ ಕಡೆಗೆ ಜಾರುತ್ತದೆ. ಆದ್ದರಿಂದ ಪರದೆ ನೋಡಿ ‘ಆಫ್’ ಎಂದು ಕೂಗುವ ಕೆಲಸ ಒಬ್ಬರಿಗೇ ಇರಲಿ, ಅವರು ಕಿರಿಯ ಟೆಕ್ನಿಷಿಯನ್ ಆಗಿದ್ದರೂ ಸರಿ, ಕೂಗಿದ ಮೇಲೆ ‘ಯಾಕೆ?’ ಎಂದು ಕೇಳುವುದು ಕಾಲೆತ್ತಿದ ನಂತರ. ಕೊನೆಗೆ ಬಡಿತ ಕೆರಳಿಸುವ ಐಸೊಪ್ರೆನಲಿನ್ ಕೊಟ್ಟೂ ಟಾಕಿಕಾರ್ಡಿಯಾ ಹುಟ್ಟದಿದ್ದರೆ ಕೆಲಸ ಮುಗಿಯಿತು. ಒಂಟಿ ಎಕೋ ಬಡಿತ (ಎವಿ ನೋಡಿನಿಂದ ಒಮ್ಮೆ ಮಾತ್ರ ಮರಳಿದ ಬಡಿತ) ಉಳಿದಿದ್ದರೆ ಅದರ ಬೆನ್ನು ಹತ್ತಿ ಮತ್ತೆ ಸುಡುವುದು ಬೇಡ.

ಏಟ್ರಿಯಲ್ ಫಿಬ್ರಿಲೇಶನ್ ಅಬ್ಲೇಶನ್ ಬೇರೆಯೇ ಲೋಕ. ಎಡ ಏಟ್ರಿಯಂನಲ್ಲಿ ಇರುವಷ್ಟು ಹೊತ್ತೂ ಎಸಿಟಿ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತು) 300 ಸೆಕೆಂಡಿನ ಮೇಲಿರಬೇಕು. ರಕ್ತದೊತ್ತಡ ಕುಸಿದರೆ ಮೊದಲ ಅನುಮಾನ ಟ್ಯಾಂಪೊನೇಡ್, ಅಂದರೆ ಹೃದಯದ ಸುತ್ತಲಿನ ಚೀಲದಲ್ಲಿ ರಕ್ತ ತುಂಬಿ ಹೃದಯ ಒತ್ತಿಹೋಗುವುದು. ತಪ್ಪನ್ನು ಅನಸ್ತೀಸಿಯಾದ ಮೇಲೆ ಹಾಕುವ ಮುನ್ನ ಎಕೋ (ಹೃದಯದ ಅಲ್ಟ್ರಾಸೌಂಡ್) ಪ್ರೋಬ್ ಇಡಿ. ಆ ರಕ್ತವನ್ನು ಸೂಜಿಯಿಂದ ತೆಗೆಯುವ ಪೆರಿಕಾರ್ಡಿಯೋಸೆಂಟೆಸಿಸ್ ಸೆಟ್ ಅದೇ ಕೋಣೆಯಲ್ಲಿರಲಿ, ಸ್ಟೋರಿನಲ್ಲಲ್ಲ.

ಶಾಖದಿಂದ ಮಾಡಿದ ಅಬ್ಲೇಶನ್ ಆಗಿ ಒಂದೆರಡು ತಿಂಗಳೊಳಗೆ ಜ್ವರ, ನುಂಗುವಾಗ ನೋವು ಅಥವಾ ಪಾರ್ಶ್ವವಾಯುವಿನ ಲಕ್ಷಣ ಕಂಡರೆ ಅನ್ನನಾಳಕ್ಕೂ ಏಟ್ರಿಯಂಗೂ ನಡುವೆ ತೂತಾಗಿರಬಹುದು. ಅಪರೂಪ, ಆದರೆ ಪ್ರಾಣಾಂತಿಕ. ಆಗ ಬೇಕಾದ್ದು ಕಾಂಟ್ರಾಸ್ಟ್ ಕೊಟ್ಟ ಎದೆಯ ಸಿಟಿ. ಎಂಡೋಸ್ಕೋಪಿಯಲ್ಲಿ ಗಾಳಿ ತುಂಬಿದರೆ ಅದು ನೇರ ರಕ್ತಕ್ಕೆ ಸೇರಿ ಮಿದುಳಿಗೆ ಹೋಗಬಹುದು. ಇಂಥ ರೋಗಿ ಹೋಗುವುದು ನಿಮ್ಮ ಹತ್ತಿರವಲ್ಲ, ಮನೆ ಪಕ್ಕದ ಡಾಕ್ಟರ ಹತ್ತಿರ; ಹಾಗಾಗಿ ‘ಎಂಡೋಸ್ಕೋಪಿ ಬೇಡ, ಮೊದಲು ನಮಗೆ ಫೋನ್ ಮಾಡಿ’ ಎಂಬ ಸಾಲು ಡಿಸ್ಚಾರ್ಜ್ ಸಮ್ಮರಿಯ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿರಲಿ.