ಮೊಣಕಾಲಿನ ಕೆಳಗಿನ ಕರೆಂಟು

ಮೊನ್ನೆ ಒಬ್ಬ ಗ್ಯಾರೇಜ್ ಮಾಲೀಕರು ಫೋನ್ ಮಾಡಿದ್ದರು. "ಅಣ್ಣಾ, ಬೆಳಿಗ್ಗೆಯಿಂದ ಎಂಸಿಬಿ ಬೀಳ್ತಾನೇ ಇದೆ, ಹೊಸದು ಹಾಕಿಕೊಡಿ" ಅಂದರು. ಎಂಸಿಬಿ ಅಂದರೆ ಕರೆಂಟು ಮಿತಿ ಮೀರಿದರೆ ತಾನಾಗಿ ಬಿದ್ದು ಲೈನ್ ಕಡಿಯುವ ಸ್ವಿಚ್ಚು. ಹೊಸದೊಂದನ್ನು ಜೇಬಿಗೆ ಹಾಕಿಕೊಂಡೇ ಹೋದೆ. ಆದರೆ ಅಲ್ಲಿದ್ದ ಎಂಸಿಬಿ ಚೆನ್ನಾಗಿಯೇ ಇತ್ತು.

ಗೋಡೆಯ ಸಾಕೆಟ್‌ನಿಂದ ಒಂದು ವೈರ್ ಹೊರಟು ಕಾರಿನ ಕೆಳಗೆ ಹೋಗಿತ್ತು. ಸಾಕೆಟ್ ಕಡೆಗೆ ಪ್ಲಗ್ ಇಲ್ಲ. ಸಿಪ್ಪೆ ಸುಲಿದ ಎರಡು ತಂತಿಗಳನ್ನು ತೂತಿಗೆ ತುರುಕಿ, ಜಾರದ ಹಾಗೆ ಎರಡು ಬೆಂಕಿಕಡ್ಡಿ ಚುಚ್ಚಿದ್ದರು. ನಡುವೆ ಮೂರು ಜಾಯಿಂಟ್. ಅವಕ್ಕೆ ಸುತ್ತಿದ್ದ ಕಪ್ಪು ಟೇಪು ಆಯಿಲ್ ಕುಡಿದು ಅಂಟು ಬಿಟ್ಟಿತ್ತು, ಕೈ ಹಾಕಿದರೆ ಸುಮ್ನೆ ಉಂಗುರದ ಹಾಗೆ ಜಾರುತ್ತಿತ್ತು. ಕೊನೆಯಲ್ಲಿ ಒಂದು ಮರದ ಬೋರ್ಡು, ಅದರಲ್ಲಿ ಎರಡು ಸಾಕೆಟ್, ಎರಡು ಸ್ವಿಚ್ಚು. ವೈರಿನ ಒಂದು ಕಡೆ ಜಾಕಿ ಸ್ಟ್ಯಾಂಡಿನ ಕಾಲು ಕೂತಿತ್ತು. ಎಂಸಿಬಿ ಬೀಳುತ್ತಿದ್ದದ್ದು ಅದಕ್ಕೇ. ಕಾರು ಸ್ವಲ್ಪ ಅಲುಗಾಡಿದಾಗಲೆಲ್ಲ ಕಾಲಡಿಯಲ್ಲಿ ಫೇಸು ನ್ಯೂಟ್ರಲ್ಲು ಒಂದಕ್ಕೊಂದು ಮುಟ್ಟುತ್ತಿದ್ದವು. ಅಂದರೆ ಎಂಸಿಬಿ ಬಿದ್ದಾಗಲೆಲ್ಲ ಆ ಜಾಗದಲ್ಲಿ ಒಂದು ಕಿಡಿ ಹಾರಿದೆ ಅಂತ ಅರ್ಥ. ಅಲ್ಲಿಂದ ಒಂದು ಮಾರು ದೂರದಲ್ಲಿ ಒಬ್ಬ ಹುಡುಗ ಕುಕ್ಕರುಗಾಲಲ್ಲಿ ಕೂತು, ಅರ್ಧಕ್ಕೆ ಕತ್ತರಿಸಿದ ಆಯಿಲ್ ಡಬ್ಬದಲ್ಲಿ ಪೆಟ್ರೋಲ್ ಹಾಕಿಕೊಂಡು ಕಾರ್ಬುರೇಟರ್ ತೊಳೆಯುತ್ತಿದ್ದ.

ಮೊದಲು ಮೇನ್ ಆಫ್ ಮಾಡಿದೆ. ಆಮೇಲೆ ಮಾತಾಡಿದೆ.

ನನಗೆ ಇದು ಯಾಕಿಷ್ಟು ಕಾಡುತ್ತದೆ ಅಂದರೆ, ಸುಮಾರು ಹತ್ತು ವರ್ಷದ ಹಿಂದೆ ಇನ್ನೊಂದು ಗ್ಯಾರೇಜಿನಲ್ಲಿ ಕಣ್ಣಾರೆ ಒಂದನ್ನು ಕಂಡಿದ್ದೇನೆ. ಹುಡುಗ ಪಿಟ್‌ನೊಳಗೆ, ಅಂದರೆ ಕಾರಿನ ಅಡಿಯಲ್ಲಿ ಕೆಲಸ ಮಾಡಲು ನೆಲದಲ್ಲಿ ತೋಡಿದ ಗುಂಡಿಯೊಳಗೆ ನಿಂತು ಕಾರಿನ ಪೆಟ್ರೋಲ್ ಪೈಪ್ ಬಿಚ್ಚುತ್ತಿದ್ದ. ಬೆಳಕಿಗೆ ಅಂತ 100 ವ್ಯಾಟ್ ಬಲ್ಬಿನ ಹ್ಯಾಂಡ್ ಲ್ಯಾಂಪನ್ನು ಆ್ಯಕ್ಸಲ್‌ಗೆ ನೇತು ಹಾಕಿದ್ದ. ಬಲ್ಬಿಗೆ ಜಾಲರಿ ಇತ್ತು, ಆದರೆ ಜಾಲರಿ ಹನಿಯನ್ನು ತಡೆಯುತ್ತದಾ? ಪೈಪ್ ಬಿಚ್ಚಿದ ಕೂಡಲೇ ನಾಲ್ಕು ಹನಿ ಬಿಸಿ ಗಾಜಿನ ಮೇಲೆ ಬಿತ್ತು. ಟಕ್ ಅಂತ ಒಂದು ಸಣ್ಣ ಸದ್ದು, ಅಷ್ಟೇ. ಆ ಸದ್ದು ಮುಗಿಯುವಷ್ಟರಲ್ಲಿ ಪಿಟ್ ತುಂಬ ಬೆಂಕಿ. ಹುಡುಗ ಮೆಟ್ಟಿಲ ಹತ್ತಿರವೇ ಇದ್ದದ್ದರಿಂದ ಹಾರಿ ಬಂದ. ಮುಂಗೈ ಎರಡೂ ಸುಟ್ಟಿದ್ದವು. ಬದುಕಿದ, ಈಗಲೂ ಕೆಲಸ ಮಾಡುತ್ತಿದ್ದಾನೆ, ಆದರೆ ಎಡಗೈಯ ಎರಡು ಬೆರಳು ಪೂರ್ತಿ ಮಡಚುವುದಿಲ್ಲ.

ಬಲ್ಬಿನ ಗಾಜು ಬಿಸಿಯಾಗಿರುವಾಗ ತಣ್ಣನೆಯ ಹನಿ ಬಿದ್ದರೆ ಒಡೆಯುತ್ತದೆ. ಒಳಗಿನ ತಂತಿ 2000 ಡಿಗ್ರಿಗೂ ಜಾಸ್ತಿ ಕಾದಿರುತ್ತದೆ, ಗಾಜು ಹೋದರೂ ಒಂದು ಗಳಿಗೆ ಉರಿಯುತ್ತಲೇ ಇರುತ್ತದೆ. ಪೆಟ್ರೋಲ್ ಆವಿಗೆ ಅಷ್ಟು ಹೊತ್ತೇನೂ ಬೇಕಾಗಿಲ್ಲ.

ಪೆಟ್ರೋಲ್ ಬಗ್ಗೆ ಎರಡು ವಿಷಯ ಗೊತ್ತಿದ್ದರೆ ಉಳಿದ ನಿಯಮಗಳೆಲ್ಲ ತಾನಾಗಿ ಅರ್ಥವಾಗುತ್ತವೆ. ಒಂದು, ಸುಮಾರು ಮೈನಸ್ 40 ಡಿಗ್ರಿ ಚಳಿಯಲ್ಲೂ ಅದು ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಹಾಗಾಗಿ ನಮ್ಮ ಊರಿನ ಸೆಕೆಯಲ್ಲಿ ತೆರೆದ ಡಬ್ಬ ಇದ್ದ ಕಡೆ ಆವಿ ಇದ್ದೇ ಇರುತ್ತದೆ, ಮೂಗಿಗೆ ಅಭ್ಯಾಸವಾಗಿ ನಮಗೆ ಗೊತ್ತಾಗುವುದಿಲ್ಲ ಅಷ್ಟೇ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲು ಬೆರೆತರೆ ಸಾಕು, ಅದು ಹೊತ್ತಿಕೊಳ್ಳಲು ರೆಡಿ. ಎರಡನೆಯದು, ಆ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲಕ್ಕೆ ಹೋಗುವುದಿಲ್ಲ. ನೀರಿನ ಹಾಗೆ ನೆಲದ ಮೇಲೆ ಹರಿಯುತ್ತದೆ, ತಗ್ಗು ಸಿಕ್ಕಲ್ಲಿ ನಿಲ್ಲುತ್ತದೆ. ಗ್ಯಾರೇಜಿನಲ್ಲಿ ಎಲ್ಲಕ್ಕಿಂತ ತಗ್ಗಿನ ಜಾಗ ಯಾವುದು? ಪಿಟ್. ನಮ್ಮ ಹುಡುಗರು ದಿನವೆಲ್ಲ ನಿಲ್ಲುವುದು ಎಲ್ಲಿ? ಅಲ್ಲೇ.

ಅಮೆರಿಕದ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್‌ನಲ್ಲಿ ಗ್ಯಾರೇಜುಗಳಿಗೆ ಅಂತಲೇ ಒಂದು ಅಧ್ಯಾಯ ಇದೆ, 511ನೆಯದು. ಅದು ನನಗೆ ಬಹಳ ಇಷ್ಟ, ಯಾಕೆಂದರೆ ಅದು ಅಪಾಯಕ್ಕೆ ಒಂದು ಎತ್ತರ ಕೊಡುತ್ತದೆ. ದೊಡ್ಡ ರಿಪೇರಿ ನಡೆಯುವ ಗ್ಯಾರೇಜಿನಲ್ಲಿ ಗಾಳಿಯಾಡುವ ವ್ಯವಸ್ಥೆ ಸಾಲದೆ ಇದ್ದರೆ, ನೆಲದಿಂದ 18 ಇಂಚಿನವರೆಗೆ ಇಡೀ ಜಾಗವನ್ನೇ ಅಪಾಯದ ವಲಯ ಅಂತ ಲೆಕ್ಕ ಹಿಡಿಯುತ್ತಾರೆ. ಗಾಳಿಯಾಡದ ಪಿಟ್ ಅಂತೂ ಅದಕ್ಕಿಂತ ಹೆಚ್ಚಿನ ಅಪಾಯದ ದರ್ಜೆಗೆ ಸೇರುತ್ತದೆ. 18 ಇಂಚು ಅಂದರೆ ಹೆಚ್ಚು ಕಡಿಮೆ ಮೊಣಕಾಲೆತ್ತರ. ಆ ಪುಸ್ತಕ ಬರೆದವರ ದೇಶ ಬೇರೆ, ಆದರೆ ಪೆಟ್ರೋಲ್ ಆವಿ ಅಲ್ಲೂ ಇಲ್ಲೂ ಒಂದೇ, ಅಲ್ವಾ?

ಈಗ ನಿಮ್ಮ ಗ್ಯಾರೇಜಿನಲ್ಲಿ ಮೊಣಕಾಲಿನ ಕೆಳಗೆ ಏನೇನಿದೆ ನೋಡಿ. ಎಕ್ಸ್‌ಟೆನ್ಶನ್ ಬೋರ್ಡು ಅಲ್ಲೇ, ಏರ್ ಕಂಪ್ರೆಸರ್ ಅಲ್ಲೇ, ಬ್ಯಾಟರಿ ಚಾರ್ಜರ್ ಅಲ್ಲೇ, ಕೆಲಸ ಮುಗಿದ ಮೇಲೆ ಇಡುವ ಡ್ರಿಲ್ಲಿಂಗ್ ಮಷೀನೂ ಅಲ್ಲೇ. ಸ್ವಿಚ್ ಹಾಕುವಾಗ ಒಳಗೆ ಕಿಡಿ ಹಾರುತ್ತದೆ. ಪ್ಲಗ್ ಎಳೆದಾಗ ಹಾರುತ್ತದೆ. ಡ್ರಿಲ್ ತಿರುಗುವಾಗ ಹಿಂದಿನ ಸಂದಿಯಲ್ಲಿ ನೀಲಿ ಬೆಳಕು ಮಿನುಗುತ್ತದಲ್ಲ, ಅದು ಕಾರ್ಬನ್ ಬ್ರಷ್‌ನ ಕಿಡಿ. ಕಿಡಿ ಏಳುವ ವಸ್ತುಗಳನ್ನೆಲ್ಲ ಹುಡುಕಿ ಹುಡುಕಿ ಆವಿ ನಿಲ್ಲುವ ಮಟ್ಟಕ್ಕೇ ತಂದು ಇಟ್ಟಿರುತ್ತೇವೆ.

ನಾನು ಆ ಮಾಲೀಕರಿಗೆ ಮೊದಲು ಮಾಡಿಸಿದ ಕೆಲಸ ಇದೇ. ಮರದ ಬೋರ್ಡನ್ನು ಬಿಸಾಡಿಸಿ, ಗೋಡೆಯ ಮೇಲೆ ಎದೆಯೆತ್ತರದಲ್ಲಿ ನಾಲ್ಕು ಕಡೆ ತ್ರೀ ಪಿನ್ ಸಾಕೆಟ್ ಕೂರಿಸಿದೆ. ಯಾವ ಕಾರಿಗಾದರೂ ಹತ್ತಿರದಿಂದಲೇ ವೈರ್ ಸಿಗಬೇಕು, ಬೋರ್ಡಿಗೆ ಬೋರ್ಡು ಜೋಡಿಸಿಕೊಂಡು ಹೋಗುವುದು ತಪ್ಪಬೇಕು ಅಂತ. ಮೆಷೀನಿನಿಂದ ಹೊರಟ ವೈರ್ ನಡುವೆ ಜಾಯಿಂಟ್ ಇಲ್ಲದೆ ನೇರ ಗೋಡೆಗೆ ಬರಬೇಕು. ಅದೂ ಮನೆಯ ತೆಳು ತಿರುಚು ವೈರ್ ಅಲ್ಲ, ಆಯಿಲ್ ತಡೆಯುವ ದಪ್ಪ ರಬ್ಬರ್ ಕವಚದ ಮೂರು ಎಳೆಯ ಕೇಬಲ್. ಡ್ರಮ್ಮಿಗೆ ಸುತ್ತಿದ ಕೇಬಲ್ ಇದ್ದರೆ ಪೂರ್ತಿ ಬಿಚ್ಚಿ ಹಾಸಿಕೊಂಡೇ ಬಳಸಿ, ಸುತ್ತಿಟ್ಟೇ ದೊಡ್ಡ ಮೆಷೀನ್ ಓಡಿಸಿದರೆ ಒಳಗಿನ ಸುತ್ತುಗಳು ಕಾದು ಕರಗುತ್ತವೆ.

ಇನ್ನು ಶಾಕ್ ವಿಷಯ. ಎಂಸಿಬಿ ಇದೆ, ಶಾಕ್ ಹೊಡೆಯಲ್ಲ ಅಂತ ನಂಬಿಕೊಂಡವರು ಬಹಳ ಜನ. ಎಂಸಿಬಿ ಇರುವುದು ವೈರ್ ಕಾಪಾಡುವುದಕ್ಕೆ. 16 ಆಂಪಿಯರ್ ಎಂಸಿಬಿ 16 ಆಂಪಿಯರ್‌ವರೆಗೆ ಸುಮ್ಮನೇ ಇರುತ್ತದೆ, ಮನುಷ್ಯನ ಜೀವ ತೆಗೆಯಲು ಒಂದು ಆಂಪಿಯರ್‌ನ ಹತ್ತನೇ ಒಂದು ಪಾಲು ಸಾಕು. ಬೆವರಿದ ಮೈ, ಒದ್ದೆ ನೆಲ, ಬೆನ್ನಿಗೆ ತಾಗಿದ ಕಾರಿನ ಕಬ್ಬಿಣ, ಇವೆಲ್ಲ ಸೇರಿದಾಗ 230 ವೋಲ್ಟ್ ಅದಕ್ಕಿಂತ ಜಾಸ್ತಿಯನ್ನೇ ಮೈಯೊಳಗೆ ಹರಿಸಬಲ್ಲದು. ಮನುಷ್ಯನನ್ನು ಕಾಪಾಡುವುದು ಆರ್‌ಸಿಸಿಬಿ. ಹೋದ ಕರೆಂಟು ಪೂರ್ತಿ ವಾಪಸ್ ಬರುತ್ತಿದೆಯಾ ಅಂತ ಅದು ನೋಡುತ್ತಲೇ ಇರುತ್ತದೆ, 30 ಮಿಲಿಆಂಪಿಯರ್ ವ್ಯತ್ಯಾಸ ಬಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕಡಿಯುತ್ತದೆ. ಅಮೆರಿಕದ ಕೋಡ್ ಕೂಡ ಗ್ಯಾರೇಜಿನಲ್ಲಿ ಕೈ ಮೆಷೀನು, ಕೈ ದೀಪ ಚುಚ್ಚುವ ಸಾಕೆಟ್‌ಗಳಿಗೆ ಇಂಥದ್ದೇ ರಕ್ಷಣೆ ಕೇಳುತ್ತದೆ, ಅವರದ್ದು ಇನ್ನೂ ಸೂಕ್ಷ್ಮ, 5 ಮಿಲಿಆಂಪಿಯರ್ ಆಸುಪಾಸಿನಲ್ಲೇ ಬೀಳುತ್ತದೆ. ಆರ್‌ಸಿಸಿಬಿ ಮೇಲೆ ಟೆಸ್ಟ್ ಅಂತ ಒಂದು ಸಣ್ಣ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ. ಬೀಳದಿದ್ದರೆ ಅದು ಸತ್ತಿದೆ.

ಆದರೆ ಒಂದು ಮಾತು ನೆನಪಿರಲಿ, ಇದನ್ನು ಎಲೆಕ್ಟ್ರಿಷಿಯನ್‌ಗಳೇ ಮರೆಯುತ್ತಾರೆ. ಆರ್‌ಸಿಸಿಬಿ ಶಾಕ್‌ನಿಂದ ಉಳಿಸುತ್ತದೆಯೇ ಹೊರತು ಸ್ವಿಚ್ಚಿನ ಕಿಡಿಯನ್ನು ನಿಲ್ಲಿಸುವುದಿಲ್ಲ. ವೋಲ್ಟೇಜ್ ಇಳಿಸುವುದೂ ಹಾಗೆಯೇ. 12 ವೋಲ್ಟ್ ಅಲ್ವಾ, ಏನಾಗುತ್ತೆ ಅಂತ ಕಾರಿನ ಬ್ಯಾಟರಿಗೆ ಕ್ಲಿಪ್ ಹಾಕಿ ದೀಪ ಉರಿಸುತ್ತಾರೆ. 12 ವೋಲ್ಟ್ ಮೈಗೆ ಶಾಕ್ ಹೊಡೆಯದು, ಆದರೆ ಕ್ಲಿಪ್ ತಾಗಿಸುವಾಗ ಏಳುವ ಆ ಚಿಟ್ ಅನ್ನುವ ಕಿಡಿ ಪೆಟ್ರೋಲ್ ಆವಿಗೆ ಧಾರಾಳ ಸಾಕು. ಶಾಕ್ ಬೇರೆ, ಬೆಂಕಿ ಬೇರೆ. ಎರಡಕ್ಕೂ ಬೇರೆ ಬೇರೆ ಔಷಧ.

ನಮ್ಮ ದೇಶದ ಕಾನೂನು ಇದನ್ನು ಬಹಳ ಚೆನ್ನಾಗಿ ಬಿಡಿಸಿ ಹೇಳಿತ್ತು. 1948ರ ಕಾರ್ಖಾನೆ ಕಾಯ್ದೆಯ 36ಎ ಸೆಕ್ಷನ್ ಪೂರ್ತಿ ಕೈ ದೀಪಗಳ ಬಗ್ಗೆಯೇ ಇತ್ತು. ಟ್ಯಾಂಕು, ಪಿಟ್ಟು, ಇಂಥ ಇಕ್ಕಟ್ಟಿನ ಜಾಗದೊಳಗೆ, ಸರಿಯಾದ ರಕ್ಷಣಾ ಸಾಧನ ಇಲ್ಲದೆ, 24 ವೋಲ್ಟ್ ಮೀರಿದ ಕೈ ದೀಪವಾಗಲಿ ಮೆಷೀನಾಗಲಿ ಒಯ್ಯಬಾರದು. ಇದು ಶಾಕ್‌ಗೆ. ಹೊತ್ತಿಕೊಳ್ಳುವ ಗ್ಯಾಸೋ ಆವಿಯೋ ಇರುವ ಸಂಭವ ಇದ್ದರೆ ಫ್ಲೇಮ್‌ಪ್ರೂಫ್ ದೀಪ, ಅಂದರೆ ಒಳಗಿನ ಬೆಂಕಿ ಹೊರಗಿನ ಆವಿಗೆ ತಾಗದ ಹಾಗೆ ಕಟ್ಟಿದ ದೀಪ ಬಿಟ್ಟು ಬೇರೆ ಬೇಡ. ಇದು ಬೆಂಕಿಗೆ. ನಾಲ್ಕು ಜನ ಕೆಲಸ ಮಾಡುವ ಸಣ್ಣ ಗ್ಯಾರೇಜು ಕಾರ್ಖಾನೆಯ ಲೆಕ್ಕಕ್ಕೆ ಬರದೇ ಇರಬಹುದು. ಆದರೆ ಪಿಟ್ ಪಿಟ್ಟೇ.

24 ವೋಲ್ಟ್ ಮಾಡಿಕೊಳ್ಳುವುದು ಕಷ್ಟವಲ್ಲ. ನಾನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಟ್ರಾನ್ಸ್‌ಫಾರ್ಮರ್ ಸುತ್ತಿಸಿ ತಂದೆ. ಎರಡು ಸುತ್ತು ಬೇರೆ ಬೇರೆ ಇರುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಅಂತ ಒತ್ತಿ ಹೇಳಿ ಮಾಡಿಸಿ, ಒಂದೇ ಸುತ್ತಿನ ಆಟೋ ಟ್ರಾನ್ಸ್‌ಫಾರ್ಮರ್ ಆದರೆ ಮೇನ್‌ನ ಸಂಬಂಧ ಕಡಿಯುವುದೇ ಇಲ್ಲ. ಅದು ಗೋಡೆಯ ಮೇಲೆ ಇರಬೇಕು, ಪಿಟ್‌ಗೆ ಇಳಿಯುವುದು 24 ವೋಲ್ಟ್ ವೈರ್ ಮಾತ್ರ. ತುದಿಗೆ ಫ್ಲೇಮ್‌ಪ್ರೂಫ್ ಎಲ್ಇಡಿ ದೀಪ. ದೀಪದ ಮೈ ಮೇಲೆ Ex ಅನ್ನುವ ಗುರುತು ಇದೆಯಾ ನೋಡಿ, ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತೆ ನೋಡಿಕೊಳ್ಳುವ, ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಸೊ ಸಂಸ್ಥೆಯ ಒಪ್ಪಿಗೆ ಇರುವ ಮಾಡೆಲ್ಲಾ ಅಂತ ಕೇಳಿ. ಬೆಲೆ ಜಾಸ್ತಿ, ನಿಜ. ಮಾಮೂಲಿ ಎಲ್ಇಡಿ ಟಾರ್ಚು ಬಲ್ಬಿನಷ್ಟು ಕಾಯುವುದಿಲ್ಲ, ಆ ಮಟ್ಟಿಗೆ ಮೇಲು, ಆದರೆ ಅದರ ಸ್ವಿಚ್ಚಿನಲ್ಲೂ ಕಿಡಿ ಇದೆ. ಫ್ಲೇಮ್‌ಪ್ರೂಫ್‌ಗೆ ದುಡ್ಡು ಹೊಂದಿಸುವವರೆಗೆ ಪೆಟ್ರೋಲ್ ಪೈಪ್, ಟ್ಯಾಂಕ್ ಬಿಚ್ಚುವ ಕೆಲಸವನ್ನು ಪಿಟ್ ಮೇಲೆ ಮಾಡಲೇಬೇಡಿ. ಗಾಡಿಯನ್ನು ಬಯಲಿಗೆ ತಳ್ಳಿ, ಹಗಲು ಬೆಳಕಲ್ಲಿ ಬಿಚ್ಚಿ. ದೀಪ ಇದ್ದರೂ ಅದೇ ಒಳ್ಳೆಯದು, ಬ್ರಿಟನ್‌ನಲ್ಲೂ ಪಿಟ್ ಮೇಲೆ ಪೆಟ್ರೋಲ್ ಇಳಿಸಬೇಡಿ ಅಂತಲೇ ಹೇಳುತ್ತಾರೆ.

ಗ್ಯಾಸ್ ಆಟೋಗಳ ಬಗ್ಗೆ ಎರಡು ಮಾತು. ಎಲ್‌ಪಿಜಿ ಪೆಟ್ರೋಲಿನ ಹಾಗೆ ನೆಲಕ್ಕೆ ಇಳಿಯುತ್ತದೆ. ಸಿಎನ್‌ಜಿ ಹಗುರ, ಮಾಡಿಗೆ ಏರುತ್ತದೆ. ಸಿಎನ್‌ಜಿ ಗಾಡಿ ಬರುವ ಗ್ಯಾರೇಜಿನಲ್ಲಿ ಶೀಟಿನ ಅಡಿಯಲ್ಲಿ ಗಾಳಿ ಹೋಗಲು ದಾರಿ ಇಲ್ಲದೆ, ಅಲ್ಲೇ ಫ್ಯಾನು ಟ್ಯೂಬ್‌ಲೈಟು ಇದ್ದರೆ ಅಪಾಯ ತಲೆಯ ಮೇಲಿದೆ. ಬ್ಯಾಟರಿ ಚಾರ್ಜ್ ಆಗುವಾಗ ಹೊರಡುವ ಹೈಡ್ರೋಜನ್ ಕೂಡ ಮೇಲಕ್ಕೇ. ಚಾರ್ಜರನ್ನು ಗಾಳಿಯಾಡುವ ಕಡೆ, ಮೇಜಿನ ಮೇಲೆ ಇಡಿ. ಮೊದಲು ಚಾರ್ಜರಿನ ಮೇನ್ ಸ್ವಿಚ್ ಆಫ್ ಮಾಡಿ, ಆಮೇಲೆ ಕ್ಲಿಪ್ ತೆಗೆಯಿರಿ. ಈ ಎರಡನ್ನು ಹಿಂದುಮುಂದು ಮಾಡಿ ಬ್ಯಾಟರಿ ಸಿಡಿದು ಮುಖಕ್ಕೆ ಆ್ಯಸಿಡ್ ಹಾರಿಸಿಕೊಂಡವರಿದ್ದಾರೆ.

ಮಾಲೀಕರು ಎಲ್ಲ ಕೇಳಿದರು. ಸಾಕೆಟ್, ಆರ್‌ಸಿಸಿಬಿ, ಟ್ರಾನ್ಸ್‌ಫಾರ್ಮರ್‌ಗೆ ಒಪ್ಪಿದರು. ಕಂಪ್ರೆಸರನ್ನು ಮಾತ್ರ ಆಯುಧಪೂಜೆಗೆ ಗ್ಯಾರೇಜು ಖಾಲಿ ಮಾಡುತ್ತೇವಲ್ಲ, ಆಗ ಹೊರಗಿನ ಶೆಡ್ಡಿಗೆ ಹಾಕೋಣ ಅಂದರು. ಹೋದ ವರ್ಷ ಜಿಡ್ಡು ಹೋಗಲಿ ಅಂತ ನೆಲವನ್ನು ಪೆಟ್ರೋಲಿನಲ್ಲೇ ಉಜ್ಜಿ ತೊಳೆದು, ಒಣಗುವ ಮೊದಲೇ ಬಾಗಿಲಿಗೆ ಸೀರಿಯಲ್ ಸೆಟ್ ಹಾಕಿದ್ದರಂತೆ. ಈ ಸಲ ಸೋಪಿನ ಪುಡಿ, ಬಿಸಿನೀರು ಅಂತ ಮಾತಾಗಿದೆ. ಮೆಷೀನುಗಳಿಗೆ ಅರಿಶಿನ ಕುಂಕುಮ ಇಡುವ ಮೊದಲು ಒಂದೊಂದು ವೈರನ್ನೂ ಪ್ಲಗ್ ಕಿತ್ತು, ಈ ತುದಿಯಿಂದ ಆ ತುದಿಗೆ ಬೆರಳಲ್ಲಿ ಸವರಿ ನೋಡುವ ಕೆಲಸ ಕಾರ್ಬುರೇಟರ್ ತೊಳೆಯುತ್ತಿದ್ದ ಆ ಹುಡುಗನದ್ದು. ಸೀಳು ಸಿಕ್ಕ ವೈರನ್ನು ಟೇಪ್ ಸುತ್ತದೆ ಕತ್ತರಿಸಿ ನನಗೆ ತೋರಿಸಬೇಕು ಅಂದಿದ್ದೇನೆ. "ಎಷ್ಟು ಸಿಕ್ಕರೂ ಕತ್ತರಿಸಲಾ ಅಣ್ಣಾ?" ಅಂತ ಮಾಲೀಕರ ಮುಖ ನೋಡಿ ಕೇಳಿದ. ಅವರು ಹೂಂ ಅಂದರು.