ಧರ್ಮಸ್ಥಳ ಪಾದಯಾತ್ರೆ, 8ನೇ ದಿನ: ಮೂಡಿಗೆರೆಯಲ್ಲಿ ಐದೂವರೆ ಗಂಟೆ

ಬೆಳಗಿನ ಜಾವ 4.30ಕ್ಕೆ ಬೇಲೂರು ರಸ್ತೆಯ ತಂಗುದಾಣದಿಂದ ಹೊರಟು 7.40ಕ್ಕೆ ಮೂಡಿಗೆರೆ ತಲುಪಿದೆವು, 11 ಕಿ.ಮೀ. ಮಧ್ಯಾಹ್ನದ ಮೇಲೆ ಕೊಟ್ಟಿಗೆಹಾರಕ್ಕೆ ಸುಮಾರು 20. ನಾಳೆ ಚಾರ್ಮಾಡಿ ಘಾಟಿ. ಬೆಂಗಳೂರು ಬಿಟ್ಟಮೇಲೆ ಇಷ್ಟು ದೊಡ್ಡ ಇಳಿಜಾರು ಸಿಗುವುದು ಇದೊಂದೇ. ಬಹಳ ಜನರ ಕಾಲು ಕೈಕೊಡುವುದೂ ಅಲ್ಲೇ. ಆದ್ದರಿಂದ ಪೇಟೆಯ ಹೊತ್ತೆಲ್ಲ ಆ ಇಳಿಜಾರಿನ ತಯಾರಿಗೆ ಮೀಸಲು.

ಮೊದಲು ಬಟ್ಟೆ, ಆಮೇಲೆ ತಿಂಡಿ. ಮಲೆನಾಡಿನಲ್ಲಿ ರಾತ್ರಿ ಇಬ್ಬನಿ ಬೀಳುತ್ತದೆ, ಸಂಜೆ ಒಗೆದದ್ದು ಬೆಳಗಾದರೂ ಹಸಿಯಾಗೇ ಇರುತ್ತದೆ. 8 ಗಂಟೆಗೆ ಒಗೆದು ಬಿಸಿಲಿಗೆ ಹಾಕಿದರೆ 12ರೊಳಗೆ ಪಾಲಿಯೆಸ್ಟರ್ ಬನಿಯನ್ನು, ಕಾಲುಚೀಲ ಒಣಗುತ್ತವೆ. ದಪ್ಪ ಹತ್ತಿ ಟವೆಲ್ ಒಣಗುವುದಿಲ್ಲ, ಅದರ ಬದಲು ತೆಳು ಪಂಚೆ ಸಾಕು. ಪೂರ್ತಿ ಒಣಗದ ಕಾಲುಚೀಲವನ್ನು ಚೀಲದ ಹಿಂದೆ ಪಿನ್ನು ಹಾಕಿ ನೇತುಬಿಡಿ, ಹಾಗೇ ಹಾಕಿಕೊಳ್ಳಬೇಡಿ. ಒದ್ದೆ ಚರ್ಮ ಮೆತ್ತಗಾಗಿ ಬೇಗ ಉಜ್ಜಿಹೋಗುತ್ತದೆ, ಬೊಬ್ಬೆ ಏಳುವುದು ಅದರಿಂದಲೇ.

ನಮ್ಮ ಐವರಲ್ಲಿ ಇಬ್ಬರಿಗೆ ಹಿಮ್ಮಡಿಯಲ್ಲಿ ಬೊಬ್ಬೆ. ಒಂದು ಕಡಲೆಕಾಳಿನಷ್ಟು, ನೋವಿಲ್ಲ. ಅದನ್ನು ಒಡೆಯದೆ ಮೇಲೆ ಪೇಪರ್ ಪ್ಲಾಸ್ಟರ್ ಅಂಟಿಸಿದೆವು. ಇನ್ನೊಂದು ಎಂಟಾಣೆ ಅಗಲ, ನೀರು ತುಂಬಿ ಬಿಗಿದುಕೊಂಡಿತ್ತು, ಹೆಜ್ಜೆಹೆಜ್ಜೆಗೂ ಒತ್ತುತ್ತಿತ್ತು. ಕೈ ಸೋಪಿನಿಂದ ತೊಳೆದು, ಸೂಜಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ, ಬೊಬ್ಬೆಯ ಬುಡದ ಅಂಚಿನಲ್ಲಿ ಎರಡು ಕಡೆ ಚುಚ್ಚಿ, ಹತ್ತಿಯಿಂದ ಮೆಲ್ಲಗೆ ಒತ್ತಿ ನೀರು ತೆಗೆದೆವು. ಮೇಲಿನ ಸಿಪ್ಪೆ ಹಾಗೇ ಇರಬೇಕು. ಅದನ್ನು ಕಿತ್ತರೆ ಕೆಳಗಿನ ಕೆಂಪು ಚರ್ಮಕ್ಕೆ ಶೂ ತಾಗಿ ಮರುದಿನ ಕಾಲೂರಲಾಗುವುದಿಲ್ಲ. ಪೊವಿಡೋನ್ ಅಯೋಡಿನ್ ಎಂಬ ಕ್ರಿಮಿನಾಶಕ ಔಷಧಿ ಹಚ್ಚಿ, ಗಾಜ್ ಬಟ್ಟೆ ಇಟ್ಟು, ಮೇಲೆ ಪ್ಲಾಸ್ಟರ್. ಪ್ಲಾಸ್ಟರಿನ ಮೂಲೆಗಳನ್ನು ದುಂಡಗೆ ಕತ್ತರಿಸಿ. ಚೂಪು ಮೂಲೆ ಕಾಲುಚೀಲಕ್ಕೆ ಸಿಕ್ಕಿ ಎರಡು ಕಿ.ಮೀ.ಗೆಲ್ಲ ಸುರುಳಿ ಸುತ್ತಿಕೊಳ್ಳುತ್ತದೆ. ಸುತ್ತ ಕೆಂಪು ಹರಡಿದ್ದರೆ, ಕೀವು ಕಂಡರೆ, ಸಕ್ಕರೆ ಕಾಯಿಲೆ ಇದ್ದರೆ ಸೂಜಿ ಮುಟ್ಟಬೇಡಿ, ಡಾಕ್ಟರ ಹತ್ತಿರ ಹೋಗಿ.

ಉಗುರು ಕತ್ತರಿಸುವ ಕೆಲಸವನ್ನೂ ಇಲ್ಲೇ ಮುಗಿಸಿ. ಘಾಟಿಯಲ್ಲಿ ಪಾದ ಮುಂದೆ ಜಾರಿ ಹೆಬ್ಬೆರಳು ಶೂ ಮೂತಿಗೆ ಗುದ್ದುತ್ತದೆ, ಉಗುರು ಉದ್ದವಿದ್ದರೆ ಸಂಜೆಗೆ ಕಪ್ಪಾಗುತ್ತದೆ. ನೇರವಾಗಿ ಕತ್ತರಿಸಿ, ಮೂಲೆ ಕೊರೆಯಬೇಡಿ. ಇಳಿಯುವಾಗ ಲೇಸನ್ನು ಕೊನೆಯ ತೂತಿನವರೆಗೂ ಹಾಕಿ ಕಣಕಾಲಿನ ಹತ್ತಿರ ಬಿಗಿದು, ಬೆರಳಿನ ಕಡೆ ಸಡಿಲ ಬಿಡಿ. ಪೇಟೆಯಲ್ಲಿ ಹೊಸ ಚಪ್ಪಲಿ ಕೊಳ್ಳುವ ಆಸೆ ಎಲ್ಲರಿಗೂ ಬರುತ್ತದೆ, ದಯವಿಟ್ಟು ಬೇಡ. 250 ಕಿ.ಮೀ. ನಡೆದು ಊದಿದ ಕಾಲಿಗೆ ಹೊಸ ಪಟ್ಟಿ ಒಂದೇ ದಿನದಲ್ಲಿ ಗಾಯ ಮಾಡುತ್ತದೆ.

ಔಷಧಿ ಅಂಗಡಿಯಲ್ಲಿ ಕೊಂಡದ್ದು: ಗಾಜ್, ಒಂದಿಂಚಿನ ಪೇಪರ್ ಪ್ಲಾಸ್ಟರ್ 2 ಸುರುಳಿ, ತೊಡೆಸಂದಿಗೆ ಹಚ್ಚಲು ವ್ಯಾಸಲೀನ್, ಓಆರ್‌ಎಸ್ (ನೀರಿಗೆ ಕಲಸಿ ಕುಡಿಯುವ ಉಪ್ಪು-ಸಕ್ಕರೆ ಪುಡಿ) 10 ಪೊಟ್ಟಣ. ಓಆರ್‌ಎಸ್ ವಿಷಯದಲ್ಲಿ ಪ್ರತಿ ವರ್ಷ ಒಂದೇ ತಪ್ಪು ಕಾಣುತ್ತದೆ. 20 ಗ್ರಾಂ ಚಿಲ್ಲರೆಯ ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರ್ ನೀರಿಗೆ, 4 ಗ್ರಾಂ ಚಿಲ್ಲರೆಯ ಸಣ್ಣದು 200 ಮಿ.ಲೀ. ಲೋಟಕ್ಕೆ. ದೊಡ್ಡದನ್ನು ಅರ್ಧ ಲೀಟರ್ ಬಾಟಲಿಗೆ ಸುರಿದರೆ ಉಪ್ಪು ಹೆಚ್ಚಾಗಿ ಬಾಯಾರಿಕೆ ಇನ್ನೂ ಏರುತ್ತದೆ, ವಾಂತಿಯೂ ಬರಬಹುದು. ಕಲಸಿದ್ದನ್ನು 24 ಗಂಟೆ ದಾಟಿಸಬೇಡಿ.

ದಿನಸಿ ಅಂಗಡಿಯ ತಕ್ಕಡಿಯಲ್ಲಿ ಚೀಲ ತೂಗಿದಾಗ ನೀರು ಬಿಟ್ಟು 8.1 ಕಿಲೋ. ಕಂಬಳಿ, ಎರಡನೇ ಜೊತೆ ಪ್ಯಾಂಟು, ಒಂದು ಸ್ಟೀಲ್ ಡಬ್ಬಿಯನ್ನು ಅಂಚೆ ಕಚೇರಿಯಿಂದ ಮನೆಗೆ ಪಾರ್ಸೆಲ್ ಮಾಡಿದ ಮೇಲೆ 6 ಕಿಲೋ. ಘಾಟಿ ಇಳಿದರೆ ಸೆಕೆ, ಕಂಬಳಿ ಬೇಕಾಗುವುದಿಲ್ಲ. ಇಳಿಜಾರಿನಲ್ಲಿ ಭಾರವೆಲ್ಲ ಮಂಡಿ ಮೇಲೆ ಬೀಳುವುದರಿಂದ ಈ ಎರಡು ಕಿಲೋ ಚೆನ್ನಾಗಿ ಗೊತ್ತಾಗುತ್ತದೆ. ತಿನ್ನಲು ತಲೆಗೆ 150 ಗ್ರಾಂ ಹುರಿಗಡಲೆ-ಬೆಲ್ಲ, ನಾಲ್ಕು ಬಾಳೆಹಣ್ಣು, ಅಷ್ಟೇ. ದಾರಿಯುದ್ದಕ್ಕೂ ಮಜ್ಜಿಗೆ, ಪಾನಕದ ಸೇವೆ ಇರುತ್ತದೆ.

ಊಟ 11.30ಕ್ಕೆ: ಅನ್ನ, ಸಾರು, ಮಜ್ಜಿಗೆ, ಮುಕ್ಕಾಲು ಹೊಟ್ಟೆ. ಪೂರಿ, ಬಜ್ಜಿ ತಿಂದು ಬಿಸಿಲಿಗೆ ಇಳಿದವರು ದಾರಿಯಲ್ಲಿ ಸಿಗುವ ಬಣಕಲ್ ಊರು ಮುಟ್ಟುವ ಮೊದಲೇ ಕೂತುಬಿಡುತ್ತಾರೆ.

1.15ಕ್ಕೆ ಹೊರಟೆವು. ಎರಡೂ ಕಡೆ ಕಾಫಿ ತೋಟ, ಸಿಲ್ವರ್ ಓಕ್ ನೆರಳು, ಅಲ್ಲಲ್ಲಿ ಕಣದಲ್ಲಿ ಹರಡಿದ ರೋಬಸ್ಟಾ ಹಣ್ಣಿನ ಹುಳಿ ವಾಸನೆ. ರಸ್ತೆಯ ಬಲಬದಿ, ಎದುರು ವಾಹನ ಕಾಣುವ ಹಾಗೆ ನಡೆಯಬೇಕು. ಆದರೆ ಬಲಕ್ಕೆ ಹೊರಳುವ ಕುರುಡು ತಿರುವಿನಲ್ಲಿ ಮೊದಲೇ ದಾಟಿ ಹೊರಬದಿಗೆ ಬನ್ನಿ, ಒಳಬದಿಯಲ್ಲಿದ್ದವರು ಚಾಲಕನಿಗೆ ಕಾಣುವುದು ಕೊನೆಯ ಗಳಿಗೆಯಲ್ಲಿ. ಡಾಂಬರು ಅಂಚಿಗೆ ವಾಲಿರುವುದರಿಂದ ಒಂದೇ ಬದಿಯಲ್ಲಿ ಗಂಟೆಗಟ್ಟಲೆ ನಡೆದರೆ ಮಂಡಿಯ ಹೊರಭಾಗ ಹಿಡಿದುಕೊಳ್ಳುತ್ತದೆ. ಅಗಲ ಮಣ್ಣಿನ ಅಂಚು ಸಿಕ್ಕಲ್ಲೆಲ್ಲ ಅದರ ಮೇಲೇ ನಡೆದೆವು.

ಖಾಲಿ ಲೋಟ, ಬಾಟಲಿಗಳು ಬಣಕಲ್ ದಾಟಿದ ಮೇಲೂ ಚರಂಡಿ ತುಂಬ. ಹರಕೆ ಹೊತ್ತು ಮಂಜುನಾಥನ ಹತ್ತಿರ ಹೋಗುವವರು ಕಾಡಿಗೆ ಇದನ್ನು ಬಿಟ್ಟುಹೋಗಬಾರದು. ಐವರಿಗೆ ಒಂದು ಗೋಣಿಚೀಲ ಸಾಕು, ಸರದಿಯಲ್ಲಿ ಹೊರಬಹುದು. ಸ್ಟೀಲ್ ಲೋಟವೊಂದು ಚೀಲಕ್ಕೆ ಕಟ್ಟಿಕೊಂಡಿದ್ದರೆ ಗೋಣಿಚೀಲವೂ ಬೇಕಾಗುವುದಿಲ್ಲ.

6.35ಕ್ಕೆ ಕೊಟ್ಟಿಗೆಹಾರ. ರಾತ್ರಿಗೆ ನೀರ್‌ದೋಸೆ. ಪ್ಲಾಸ್ಟರ್ ಬಿಚ್ಚಿ ನೋಡಿದರೆ ಹಿಮ್ಮಡಿ ಒಣಗಿದೆ, ಸಿಪ್ಪೆ ಕೂತಿದೆ. ಗಾಳಿಗೆ ಬಿಟ್ಟು ಬೆಳಗ್ಗೆ ಹೊಸದು ಹಾಕುವುದು. ಈ ಭಾಗದಲ್ಲಿ ಆನೆ ಓಡಾಟವಿದೆ, ಅದಕ್ಕೆ ನಾಳೆ ಕತ್ತಲಲ್ಲಿ ಹೊರಡುವುದಿಲ್ಲ. ಬೆಳಕು ಹರಿದ ಮೇಲೆ 6.30ಕ್ಕೆ, ತಲೆಗೆ 2 ಲೀಟರ್ ನೀರು ತುಂಬಿಕೊಂಡು.